ತನ್ನದೇ ಬರಹ, ಎರಡನೆಯ ಲೆಕ್ಕ

ನಾಚಾರಂನಿಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಹೆಚ್ಚು ದೂರವಿಲ್ಲ. ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರು ತಮ್ಮ ಮಕ್ಕಳು ಸಂಶೋಧಕರಾಗಲೆಂದು ಆಸೆಪಡುವ ಈ ಕಾಲದಲ್ಲಿ, ವಿದ್ವತ್ಪ್ರಪಂಚದ ಒಂದು ಚರ್ಚೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ. ಒಮ್ಮೆ ಅಚ್ಚಾದ ತನ್ನದೇ ಲೇಖನವನ್ನು ಮತ್ತೊಮ್ಮೆ ಹೊಸದೆಂದು ಪ್ರಕಟಿಸುವುದು ತಪ್ಪೆ?

ಪರರ ಬರಹವನ್ನು ಕದಿಯುವುದಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಶಿಕ್ಷೆಗಳನ್ನು ಗೊತ್ತುಪಡಿಸಿತು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ತನ್ನದನ್ನೇ ಮರುಬಳಸುವ ವಿಷಯವಾಗಿ 2020ರ ಏಪ್ರಿಲಿನಲ್ಲಿ ಬೇರೊಂದು ಸೂಚನೆ ಹೊರಟಿತು. ಹಿಂದೆ ಅಚ್ಚಾದುದನ್ನು ಉಲ್ಲೇಖಿಸದೆ, ಅದನ್ನೇ ಹೊಸ ಕೃತಿಯೆಂದು ತೋರಿಸಿ ಲಾಭ ಪಡೆಯುವುದು ಒಪ್ಪತಕ್ಕದ್ದಲ್ಲವೆಂದು ಆಯೋಗವು ಸಾರಿತು. ಒಂದು ದೀರ್ಘ ಅಧ್ಯಯನವನ್ನು ತುಂಡುಮಾಡಿ, ಪ್ರತಿಯೊಂದು ತುಂಡನ್ನೂ ಹೊಸ ಲೇಖನವೆಂದು ತೋರಿಸುವುದೂ ಇದರಲ್ಲಿ ಸೇರಿದೆ.

“ನನ್ನ ಸ್ವತ್ತನ್ನು ನಾನೇ ಕದಿಯುವುದುಂಟೆ?” ಎಂದು ಕೇಳುವವರಿದ್ದಾರೆ. ನಿನ್ನೆಯ ಸಾಂಬಾರು ಹೋಟೆಲಿನವನದೇ ಸರಿ. ಆದರೆ ಅದನ್ನು ಕಾಯಿಸಿ ಇಂದಿನದೆಂದು ಬಡಿಸಿದರೆ ಮೋಸಹೋಗುವವನು ಗಿರಾಕಿ. ಸ್ವತ್ತು ಯಾರದೆಂಬುದಲ್ಲ, ಹೇಳಿದ ಮಾತು ನಿಜವೆ ಎಂಬುದೇ ಪ್ರಶ್ನೆ.

ಇದರ ಫಲ ಕಾಗದದಲ್ಲಿಯೇ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನು ತಡೆಯುವ ಆಂಡಾನ್ಸೆಟ್ರಾನ್ ಎಂಬ ಔಷಧದ ಪರೀಕ್ಷೆಗಳನ್ನು ಟ್ರಾಮರ್ ಮತ್ತು ಸಂಗಡಿಗರು ಪರಿಶೀಲಿಸಿ, 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ವರದಿಮಾಡಿದರು. ರೋಗಿಗಳ ಅಂಕಿಅಂಶಗಳಲ್ಲಿ ಶೇಕಡಾ 28ರಷ್ಟು ಮರಳಿ ಅಚ್ಚಾದುವಾಗಿದ್ದುವು. ಅವನ್ನು ಪ್ರತ್ಯೇಕವೆಂದು ಎಣಿಸಿದಾಗ ಔಷಧದ ಗುಣವು ಶೇಕಡಾ 23ರಷ್ಟು ಹೆಚ್ಚಾಗಿ ಕಂಡಿತು.

ಹಾಗೆಂದು ಮರುಬಳಕೆಯೆಲ್ಲವೂ ದೋಷವಲ್ಲ. ಪ್ರಯೋಗದ ವಿಧಾನವನ್ನು ಪ್ರತಿ ಸಲವೂ ಬೇರೆ ಮಾತುಗಳಲ್ಲಿ ಬರೆಯಹೊರಟರೆ ಅರ್ಥವೇ ಕೆಡಬಹುದು. ಪಿಎಚ್.ಡಿ. ಪ್ರಬಂಧದ ಅಧ್ಯಾಯವು ಲೇಖನವಾಗುವುದೂ ವಾಡಿಕೆಯೇ. ಇದು ಹಿಂದೆ ಇಂಥಲ್ಲಿ ಬಂದಿದೆಯೆಂದು ಮರೆಮಾಚದೆ ತಿಳಿಸುವ ಒಂದು ಸಾಲು ಇರಬೇಕು, ಅಷ್ಟೆ.

ತಪ್ಪೆಲ್ಲ ಬರೆಯುವವನದೇ ಎನ್ನಲೂ ಆಗದು. ಅಧ್ಯಾಪಕರ ನೇಮಕಕ್ಕಾಗಿ ಅದೇ ಆಯೋಗವು 2018ರಲ್ಲಿ ಮಾಡಿದ ನಿಯಮಗಳು ಒಂದು ಲೇಖನಕ್ಕೆ ವಿಜ್ಞಾನದಲ್ಲಿ 8, ಭಾಷೆ ಮತ್ತು ಮಾನವಿಕಗಳಲ್ಲಿ 10 ಅಂಕಗಳೆಂದು ಬೆಲೆಕಟ್ಟಿದುವು. ಎಣಿಸಿ ಬೆಲೆಕೊಡುವಲ್ಲಿ ಸಂಖ್ಯೆಯನ್ನು ಬೆಳೆಸುವ ಚಪಲವೂ ಹುಟ್ಟುತ್ತದೆ. ಒಂದೇ ಕೆಲಸವನ್ನು ಮೂರೆಂದು ತೋರಿಸಿದವನು ಮುಂದೆ ಬಂದರೆ, ಒಂದನ್ನು ಒಂದೆಂದೇ ತೋರಿಸಿದ ಬಡವರ ಮಗನೋ ಮಗಳೋ ಹೊರಗುಳಿಯಬೇಕಾಗುತ್ತದೆ. ಆ ನಷ್ಟ ನಮ್ಮ ಮನೆಗಳಿಗೂ ತಟ್ಟುವಂಥದು. ಆದುದರಿಂದ ಆಯ್ಕೆ ಸಮಿತಿಗಳು ಲೇಖನಗಳನ್ನು ಎಣಿಸುವ ಮೊದಲು ಓದಲಿ. ನಮ್ಮ ಮಕ್ಕಳು ಆ ಒಂದು ಸಾಲನ್ನು ಬರೆಯಲು ನಾಚದಿರಲಿ.