ಹೂತಿಟ್ಟ ಮಾತ್ರಕ್ಕೆ ಹೊಣೆ ತೀರೀತೆ?

ಅಣುವಿದ್ಯುತ್ತಿನ ಸುಖ ನಮ್ಮ ಪಾಲಿನದು. ಅದರ ಕಸವನ್ನು ಕಾಯುವ ಭಾರ ಇನ್ನೂ ಹುಟ್ಟದವರದು. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯವೇ ಸುಮಾರು 24,000 ವರ್ಷ. ಇಂತಹ ತ್ಯಾಜ್ಯವನ್ನು ಭೂಗರ್ಭದ ಸ್ಥಿರವಾದ ಶಿಲೆಯಲ್ಲಿ ಇರಿಸುವುದೇ ಲೇಸೆಂಬ ವಿಜ್ಞಾನಿಗಳ ಮತ ಒಪ್ಪತಕ್ಕದ್ದೇ. ಆದರೆ ಇರಿಸುವ ಬಗೆಯಲ್ಲಿ ವಿವೇಕ ಬೇಕು.

ಇದಕ್ಕಿಂತ ಕಡಿಮೆ ತೀಕ್ಷ್ಣವಾದ ತ್ಯಾಜ್ಯದ ವಿಷಯದಲ್ಲಿಯೇ ಜರ್ಮನಿ ಕಹಿ ಪಾಠ ಕಲಿತಿದೆ. ಅಲ್ಲಿನ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳನ್ನು ತುಂಬಲಾಯಿತು. 1988ರಿಂದ ಗಣಿಯೊಳಕ್ಕೆ ಉಪ್ಪುನೀರು ಜಿನುಗುತ್ತಿರುವುದು ಕಂಡುಬಂದಿತು. ಪೀಪಾಯಿಗಳನ್ನು ಹೊರತೆಗೆಯಬೇಕೆಂದು 2013ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಮರಳಿ ತೆಗೆಯುವ ದಾರಿಯನ್ನು ಮೊದಲೇ ಯೋಚಿಸದಿದ್ದುದರಿಂದ ಆ ಕೆಲಸ ಇಂದು ಅತಿ ಕಠಿಣವಾಗಿದೆ.

ಫ್ರಾನ್ಸ್ ಬೇರೆ ದಾರಿ ಹಿಡಿದಿದೆ. ಬ್ಯೂರ್ ಗ್ರಾಮದ ಬಳಿ ಸುಮಾರು 500 ಮೀಟರ್ ಆಳದ ಜೇಡಿಶಿಲೆಯಲ್ಲಿ ಯೋಜಿಸಿರುವ ಭಂಡಾರದಲ್ಲಿ, ಕನಿಷ್ಠ ನೂರು ವರ್ಷ ನಿರ್ಧಾರವನ್ನು ಬದಲಿಸುವ ಅವಕಾಶವಿರಬೇಕೆಂದು 2006ರ ಕಾನೂನು ವಿಧಿಸಿದೆ.

ತೆರೆದ ಬಾಗಿಲು ಅಪಾಯಕ್ಕೂ ದಾರಿಯಲ್ಲವೇ ಎಂದು ಕೇಳುವವರುಂಟು. ಯುದ್ಧವೋ ಅರಾಜಕತೆಯೋ ಬಂದರೆ ಕಾಯುವವರು ಯಾರು? ಈ ಶಂಕೆ ನಿರಾಧಾರವಲ್ಲ. ಆದುದರಿಂದಲೇ ಆ ಅವಕಾಶಕ್ಕೊಂದು ಕಾಲಮಿತಿ ಇರಬೇಕು; ಅನಂತರ ಭದ್ರವಾಗಿ ಮುಚ್ಚಬೇಕು. ಆದರೆ ಮೊದಲ ದಿನವೇ ಮುಚ್ಚಿ ಕೈತೊಳೆದುಕೊಳ್ಳುವುದು ತಪ್ಪನ್ನು ತಿದ್ದುವ ಹಕ್ಕನ್ನು ಮಕ್ಕಳಿಂದ ಕಸಿದಂತೆ.

ಆ ಹಕ್ಕು ಸಾರ್ಥಕವಾಗಲು ತಿಳಿವಳಿಕೆಯೂ ತಲೆಯಿಂದ ತಲೆಗೆ ಸಾಗಬೇಕು. ಐವತ್ತು ವರ್ಷ ಅಕ್ಷರದ ದೀಪವನ್ನು ಕೈಯಿಂದ ಕೈಗೆ ದಾಟಿಸಿದ ಶಾಲೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.