ವಿಜ್ಞಾನಕ್ಕೆ ಕನ್ನಡ ಬಾರದೇ?

ನಮ್ಮೂರಿನಲ್ಲಿ ವಿಜ್ಞಾನ ಸಭೆಗಳಿಗೆ ಬರವಿಲ್ಲ. ಫೆಬ್ರವರಿ 28 ಸಮೀಪಿಸಿತೆಂದರೆ ಕದ್ರಿಯ ನನ್ನ ಮನೆಗೂ ಆಮಂತ್ರಣಗಳು ಬರುತ್ತವೆ. ಸಿ. ವಿ. ರಾಮನ್ ಅವರ 1928ರ ಶೋಧವನ್ನು ಸ್ಮರಿಸಿ, 1987ರಿಂದ ಆಚರಿಸುತ್ತಿರುವ ರಾಷ್ಟ್ರೀಯ ವಿಜ್ಞಾನ ದಿನವದು. ಆದರೆ ಬಹುತೇಕ ಉಪನ್ಯಾಸಗಳು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯ ಮಕ್ಕಳು ಬರುವುದು ಕುರ್ಚಿ ತುಂಬಲು ಮಾತ್ರ. ಕೇಳಿದರೆ, ಕನ್ನಡದಲ್ಲಿ ಪಾರಿಭಾಷಿಕ ಪದಗಳಿಲ್ಲವೆಂಬ ಸಬೂಬು! 1936ರಲ್ಲೇ ‘ಬಾಲಪ್ರಪಂಚ’ವನ್ನು ಹೊರತಂದ ಶಿವರಾಮ ಕಾರಂತರ ನಾಡಿನಲ್ಲಿ ಹೀಗೆನ್ನಲು ನಾಚಿಕೆಯಾಗಬೇಡವೇ?

ಇದರ ಫಲವನ್ನು ಕಂಡಿದ್ದೇವೆ. 2019ರ ಡಿಸೆಂಬರ್ 26ರಂದು ಮಂಗಳೂರಿಗೆ ಕಂಕಣ ಸೂರ್ಯಗ್ರಹಣವನ್ನು ಕಾಣುವ ಭಾಗ್ಯ ಒದಗಿತ್ತು. ನಮ್ಮ ನೆರೆಯ ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿ ಮಕ್ಕಳನ್ನು ಒಳಗೇ ಕೂಡಿಹಾಕಿದ್ದರು. ದೂರದಲ್ಲಿರುವ ಚಂದ್ರ ಸೂರ್ಯನನ್ನು ಪೂರ್ತಿ ಮರೆಮಾಡಲಾರದೆ ಸುತ್ತಲೂ ಬಳೆಯಷ್ಟು ಬೆಳಕು ಉಳಿಯುವುದೆಂದೂ, ಗ್ರಹಣ ಕನ್ನಡಕ ಧರಿಸಿ ನಿರ್ಭಯವಾಗಿ ನೋಡಬಹುದೆಂದೂ ಆ ತಾಯಂದಿರಿಗೆ ಅವರ ಮಾತಿನಲ್ಲಿ ತಿಳಿಹೇಳಿದವರು ಯಾರು?

2027ರ ಆಗಸ್ಟ್ 2ರ ಸಂಜೆ ಇಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಸಂಘಟಕ ಮಹನೀಯರೇ, ಅದಕ್ಕೆ ಮೊದಲು ಸಭಾಂಗಣ ಬಿಟ್ಟು ಕೇರಿಕೇರಿಗೆ ಬನ್ನಿ. ಕನ್ನಡದಲ್ಲಿ ಹೇಳಿ, ತುಳುವಿನಲ್ಲಿ ಹೇಳಿ. ಮಳೆಗಾಲದ ಮೋಡ ಅಡ್ಡ ಬಂದರೆ ಸಹಿಸೋಣ. ಭಾಷೆ ಅಡ್ಡ ಬರುವುದನ್ನು ಸಹಿಸಲಾಗದು.