ಒಂಬತ್ತು ಮನೆಯ ವಠಾರ



ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಕವುಚಿಟ್ಟು, ಸಂಜೆ ಕಾಫಿಗೆ ಇನ್ನೂ ಒಂದೂವರೆ ಗಂಟೆ ಇದೆ ಎನ್ನುವ ಹೊತ್ತು ನಮಗೆಲ್ಲ ಗೊತ್ತಿದ್ದದ್ದೇ. ಮಕ್ಕಳ ಕೈಯಲ್ಲಿ ಮೊಬೈಲು, ನಮ್ಮ ಕಣ್ಣು ಧಾರಾವಾಹಿಯ ಮೇಲೆ. ಆ ಹೊತ್ತಿಗೆಂದೇ ಈ ಸಲ ಕಾಸು ಖರ್ಚಿಲ್ಲದ ಒಂದು ಆಟ ಹೇಳುತ್ತೇನೆ. ಬೇಕಾದದ್ದು ಹಳೇ ನೋಟ್‌ಬುಕ್ಕಿನ ಒಂದು ಹಾಳೆ, ಒಂದು ಪೆನ್ಸಿಲು, ಎದುರಿಗೆ ಇನ್ನೊಬ್ಬರು.

ಸೊನ್ನೆ-ಇಂಟು ಆಟ ಯಾರಿಗೆ ಗೊತ್ತಿಲ್ಲ? ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ ಎಳೆದರೆ ಒಂಬತ್ತು ಕೋಣೆ. ಮೂರು ಗುರುತು ಒಂದೇ ಸಾಲಿಗೆ ಬಂದವರು ಗೆದ್ದಂತೆ. ಇಂಥ ಸಾಲು ಇರುವುದೇ 8: ಅಡ್ಡ 3, ಉದ್ದ 3, ಮೂಲೆಯಿಂದ ಮೂಲೆಗೆ 2. ಮೊದಲಿನವರು ಮೂಲೆಯಲ್ಲಿ ಗುರುತು ಹಾಕಿದರೆ ಎರಡನೆಯವರು ನಡುವಿನ ಕೋಣೆಯನ್ನೇ ಹಿಡಿಯಬೇಕು. ಬೇರೆಲ್ಲಿ ಹಾಕಿದರೂ ಮೊದಲಿನವರು ಜಾಣತನದಿಂದ ಆಡಿ ಗೆಲ್ಲಬಹುದು. ಈ ಗುಟ್ಟು ತಿಳಿದ ಇಬ್ಬರು ಕೂತರೋ, ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಈ ಆಟ ಸಪ್ಪೆ ಅನ್ನುವುದು ಅದಕ್ಕೇ.

ಹಾಗೆಂದು ಇದೇನೂ ತಾತ್ಸಾರದ ಆಟವಲ್ಲ. 1952ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಎ. ಎಸ್. ಡಗ್ಲಾಸ್ ಎಂಬವರು ಎಡ್ಸಾಕ್ ಎಂಬ ಕಂಪ್ಯೂಟರಿಗೇ ಇದನ್ನು ಕಲಿಸಿದ್ದರು. ಎದುರು ಆಡುವವರು ಹಳೇ ಫೋನಿನಲ್ಲಿದ್ದಂಥ ಡಯಲು ತಿರುಗಿಸಿ ತಮ್ಮ ಕೋಣೆ ಯಾವುದೆಂದು ಹೇಳಬೇಕಿತ್ತು!

ಈಗ ಹೊಸ ಆಟಕ್ಕೆ ಬರೋಣ. ಇದನ್ನು ನನಗೆ ಕಲಿಸಿದ್ದು ಹತ್ತನೇ ತರಗತಿಯ ನನ್ನ ಮಗಳು. ಪರೀಕ್ಷೆಯ ವರ್ಷ ಬಂದಾಗಿನಿಂದ ನಮ್ಮಿಬ್ಬರ ಮಾತು "ಓದಿದ್ಯಾ?" "ಹೂಂ" ಅನ್ನುವಷ್ಟಕ್ಕೆ ನಿಂತುಹೋಗಿತ್ತು. ಒಂದು ದಿನ ಅವಳು ಹಾಳೆಯ ತುಂಬ ಚೌಕ ಬರೆಯುತ್ತ ಕೂತಿದ್ದಳು. "ಅದೇನೇ ಪುಟ್ಟಿ?" ಅಂದೆ. "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಅಂದಳು. ನಾನು ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದವಳು. ಆ ಮಾತು ಚುರುಕ್ಕೆಂದಿತು. ಆದರೂ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲೇ ಕೂತೆ. "ಗೊತ್ತಾಗೋ ಹಾಗೆ ಹೇಳು" ಅಂದೆ.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು ವಠಾರ ಇದೆ ಅಂದುಕೊಳ್ಳಿ. ಅದರಲ್ಲಿ ಒಂಬತ್ತು ಮನೆ, ಮೂರು ಸಾಲಿನಲ್ಲಿ. ಒಂದೊಂದು ಮನೆಯಲ್ಲೂ ಒಂಬತ್ತು ಕೋಣೆ. ಒಟ್ಟು 81 ಕೋಣೆ. ಒಂದು ಮನೆಯೊಳಗೆ ಮೂರು ಗುರುತು ಸಾಲಾದರೆ ಆ ಮನೆ ನಿಮ್ಮದು. ಅದರ ಮೇಲೆ ದೊಡ್ಡದಾಗಿ ನಿಮ್ಮ ಗುರುತು ಹಾಕಿ. ಹೀಗೆ ಮೂರು ಮನೆ ಸಾಲಾಗಿ ಸಿಕ್ಕರೆ ಇಡೀ ಆಟವೇ ನಿಮ್ಮದು.

ಸ್ವಾರಸ್ಯ ಇರುವುದು ಮುಂದೆ. ಮೊದಲ ಆಟ ಮಾತ್ರ ಎಲ್ಲಿ ಬೇಕಾದರೂ ಆಡಬಹುದು. ಆಮೇಲೆ, ನಾನು ಯಾವ ದಿಕ್ಕಿನ ಕೋಣೆಯಲ್ಲಿ ಗುರುತು ಹಾಕುತ್ತೇನೋ ಆ ದಿಕ್ಕಿನ ಮನೆಗೇ ಎದುರಿನವರು ಹೋಗಿ ಆಡಬೇಕು. ನಾನು ನಡುವಿನ ಮನೆಯ ಈಶಾನ್ಯದ ಕೋಣೆಯಲ್ಲಿ ಇಂಟು ಹಾಕಿದೆ ಎನ್ನಿ. ಅವರು ಈಶಾನ್ಯದ ಮನೆಗೆ ಹೋಗಬೇಕು. ಅಲ್ಲಿ ಅವರು ದಕ್ಷಿಣದ ಕೋಣೆಯಲ್ಲಿ ಸೊನ್ನೆ ಹಾಕಿದರೆ ನಾನು ದಕ್ಷಿಣದ ಮನೆಗೆ. ಹೋಗಬೇಕಾದ ಮನೆಯನ್ನು ಯಾರೋ ಆಗಲೇ ಗೆದ್ದಿದ್ದರೆ, ಇಲ್ಲವೆ ಅದು ತುಂಬಿಹೋಗಿದ್ದರೆ, ಮಿಕ್ಕ ಯಾವ ಮನೆಯಲ್ಲಿ ಬೇಕಾದರೂ ಆಡಬಹುದು. ತುಂಬಿಯೂ ಯಾರೂ ಗೆಲ್ಲದ ಮನೆ ಯಾರದ್ದೂ ಅಲ್ಲ.

ದಿನಾ ಆಡಿ ಕಂಡುಕೊಂಡ ಕೆಲವು ಕಿವಿಮಾತು:

1. ಹೋದ ಮನೆಯಲ್ಲೆಲ್ಲ ನಡುವಿನ ಕೋಣೆಗೆ ಆಸೆಪಡಬೇಡಿ. ಹಾಗೆ ಹಾಕಿದಾಗಲೆಲ್ಲ ಎದುರಿನವರನ್ನು ನಡುವಿನ ಮನೆಗೆ ಕಳಿಸಿದಂತೆ. 8 ಸಾಲುಗಳಲ್ಲಿ 4 ಹಾದುಹೋಗುವುದು ಆ ಮನೆಯ ಮೇಲೇ. ಮೂಲೆಯ ಮನೆಗೆ 3, ಉಳಿದವಕ್ಕೆ 2 ಅಷ್ಟೆ.

2. ಮನೆ ಗೆಲ್ಲುವ ಅವಕಾಶ ಬಂತೆಂದು ಆತುರಪಡಬೇಡಿ. ಆ ಕೋಣೆ ಎದುರಿನವರನ್ನು ಎಲ್ಲಿಗೆ ಕಳಿಸುತ್ತದೆ ನೋಡಿ. ಅಲ್ಲಿ ಅವರದು ಆಗಲೇ ಎರಡು ಸಾಲಾಗಿದ್ದರೆ, ನೀವೊಂದು ಮನೆ ತಗೊಂಡು ಅವರಿಗೊಂದು ಮನೆ ಕೊಟ್ಟಂತಾಯಿತು. ಯಾರ ಮನೆ ಹೆಚ್ಚು ಬೆಲೆಯದು, ತೂಗಿ ನೋಡಿ.

3. ಮುಗಿದುಹೋದ ಮನೆಗೆ ಕಳಿಸುವುದೆಂದರೆ ವಠಾರದ ಬೀಗದಕೈ ಗೊಂಚಲನ್ನೇ ಕೊಟ್ಟ ಹಾಗೆ. ಆಟದ ಕೊನೆಯಲ್ಲಂತೂ ಬಹಳ ಜೋಕೆ.

ಮೊದಲ ವಾರವೆಲ್ಲ ಸೋತೆ. ಅವಳು ಬೇಸರಿಸದೆ, "ಅಲ್ಲಿ ಬೇಡಮ್ಮ, ನಾನೆಲ್ಲಿಗೆ ಹೋಗ್ತೀನಿ ನೋಡು" ಎಂದು ಪೆನ್ಸಿಲಿನಿಂದ ತೋರಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನನಗೆ ಯಾರೂ ಏನನ್ನೂ ಅಷ್ಟು ತಾಳ್ಮೆಯಿಂದ ಹೇಳಿಕೊಟ್ಟಿರಲಿಲ್ಲ. ಮೂರನೇ ವಾರ ವಾಯವ್ಯದಿಂದ ಆಗ್ನೇಯಕ್ಕೆ ಮೂರು ಮನೆ ಹಿಡಿದು ಗೆದ್ದೆ. ಅವಳು ನಕ್ಕು ಇನ್ನೊಂದು ಹಾಳೆ ಹರಿದಳು.

ಆ ಎರಡನೇ ಆಟದ ನಡುವೆಯೇ, ತಲೆ ಎತ್ತದೆ ಅಂದಳು: "ಅಮ್ಮ, ಗಣಿತದ ಪರೀಕ್ಷೆ ನೆನೆಸಿಕೊಂಡ್ರೆ ರಾತ್ರಿ ನಿದ್ದೆ ಬರಲ್ಲ." ನನ್ನ ಎದೆ ಧಸಕ್ಕೆಂದರೂ ನಾನು ಬುದ್ಧಿ ಹೇಳಲಿಲ್ಲ. "ಯಾವ ಪಾಠ ಕಣೇ?" ಅಂತಷ್ಟೇ ಕೇಳಿದೆ. "ತ್ರಿಕೋನಮಿತಿ" ಅಂದಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿಕೊಂಡಳು. ಮಾರನೇ ದಿನ ಶಾಲೆಗೆ ಹೋಗಿ ಅವಳ ಟೀಚರನ್ನು ಕಂಡು ಬಂದೆ. ಈಗ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಆ ಪಾಠವನ್ನು ಮತ್ತೆ ಹೇಳಿಕೊಡುತ್ತಿದ್ದಾರೆ. ಹೆದರಿಕೆ ಪೂರಾ ಹೋಗಿಲ್ಲ, ನಿದ್ದೆ ಬರುತ್ತಿದೆ.

ಎದುರು ಕೂರಿಸಿಕೊಂಡು "ಏನು ನಿನ್ನ ಕಷ್ಟ?" ಎಂದರೆ ಈ ವಯಸ್ಸಿನ ಮಕ್ಕಳು ಬಾಯಿ ಬಿಡುವುದಿಲ್ಲ, ಸೋದರಿಯರೇ. ಕೈಗೊಂದು ಕೆಲಸ, ಕಣ್ಣಿಗೊಂದು ಹಾಳೆ ಇದ್ದರೆ ಮಾತು ತಾನಾಗಿ ಬರುತ್ತದೆ.

ಪೆನ್ಸಿಲ್ ಹಿಡಿಯಲು ಬೇಸರಪಡುವ ಹಿರಿಯರಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಠಾರ ಬರೆಯಿರಿ. ಒಬ್ಬರಿಗೆ ಹುಣಸೆ ಬೀಜ, ಒಬ್ಬರಿಗೆ ಕಡಲೆಕಾಳು ಕೊಡಿ. ಚೌಕಾಬಾರ ಆಡಿ ಪಳಗಿದ ನಮ್ಮ ಅತ್ತೆಯವರು ಎರಡೇ ದಿನದಲ್ಲಿ ಕಲಿತರು. ಈಗ ನಮ್ಮಿಬ್ಬರನ್ನೂ ಸೋಲಿಸುತ್ತಿದ್ದಾರೆ.